ಟೀಚರನ್ನು ಕೇಳಿ: ಯಾರನ್ನು ಯಾವ ಕಾಲಂನಲ್ಲಿ ಬರೆಯುವುದು?

ಪ್ರಶ್ನೆ: ಟೀಚರ್, ನಾನು ಎಂಜಿನಿಯರಿಂಗ್ ಮುಗಿಸಿ ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರು ಮಲ್ಪೆಯ ಹತ್ತಿರ. ನಮ್ಮ ಯುವಕ ಮಂಡಲದವರು ಈ ವರ್ಷ 340 ಮನೆಗಳ ಸರ್ವೆ ಮಾಡಿ, ಮಕ್ಕಳ ಫೀಸಿಗೂ ಔಷಧಿಗೂ ಸಹಾಯ ಕೊಡಬೇಕೆಂದಿದ್ದಾರೆ. ಮೊಬೈಲಿನಲ್ಲಿ ತುಂಬುವ ಫಾರ್ಮ್ ಮಾಡುವ ಕೆಲಸ ನನ್ನದು. ಉತ್ತರಗಳಿಗೆ ಅಂಕ ಹಾಕಿ, ಯಾರಿಗೆ ಮೊದಲು ಕೊಡಬೇಕು ಅಂತ ಕಂಪ್ಯೂಟರೇ ಹೇಳಬೇಕಂತೆ. ಯಾರಿಗೂ ಅನ್ಯಾಯ ಆಗಬಾರದು ಅಂತ ನನ್ನ ಆಸೆ. ಎಲ್ಲ ಪ್ರಶ್ನೆಗೂ ಕೊನೆಯಲ್ಲಿ 'ಇತರೆ' ಅಂತ ಇಟ್ಟರೆ ಸಾಕಾ? ಜಾತಿ ಕೇಳದೇ ಇರುವುದು ಒಳ್ಳೆಯದಾ?
- ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ 1991ರ ಫೆಬ್ರವರಿ ನೆನಪಾಯಿತು. ಆಗ ನಾನು ಹೊಸ ಟೀಚರ್. ಜನಗಣತಿ ಡ್ಯೂಟಿ ಬಿದ್ದಿತ್ತು. ಕಾಪು ಕಡೆಯ ಒಂದು ಮನೆಯ ಜಗಲಿಯಲ್ಲಿ ಸೊಸೆ ಕಾಲು ಚಾಚಿ ಕೂತು, ತೊಡೆಯ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. "ಇವರಿಗೆ ಏನು ಕೆಲಸ?" ಅಂತ ನಾನು ಮಾವನನ್ನು ಕೇಳಿದೆ. "ಕೆಲಸ ಎಂತದೂ ಇಲ್ಲ, ಮನೆಯಲ್ಲೇ ಇರುವುದು" ಅಂದರು. ಹಾಗೆಯೇ ಬರೆದುಕೊಂಡೆ. ಅಷ್ಟು ಹೊತ್ತೂ ಅವಳ ಕೈ ಒಂದು ಕ್ಷಣ ನಿಂತಿರಲಿಲ್ಲ. ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಮನೆಗೆ ಅಕ್ಕಿ ತರುವ ಹೆಂಗಸು ನನ್ನ ಹಾಳೆಯಲ್ಲಿ ದುಡಿಯದವಳಾದಳು.

ಆ ಸಲದ ಪ್ರಶ್ನೆಯಲ್ಲಿ, ಹೊಲದಲ್ಲೋ ಮನೆಯ ಕಸುಬಿನಲ್ಲೋ ಸಂಬಳ ಇಲ್ಲದೆ ಮಾಡುವ ಕೆಲಸವೂ ಸೇರುತ್ತದೆ ಎಂದು ಹೊಸದಾಗಿ ಬರೆದಿದ್ದರು. ಸಂಬಳ ಇಲ್ಲದ್ದೇ ಲೆಕ್ಕಕ್ಕೆ ಬರುವುದಾದರೆ, ಸಾವಿರ ಬೀಡಿಗೆ ಇಷ್ಟು ಅಂತ ಹಣ ಸಿಗುವ ಕೆಲಸ ಬರುವುದಿಲ್ಲವಾ? ಫಾರ್ಮಿನಲ್ಲಿ ಅವಳಿಗೆ ಜಾಗ ಇತ್ತು. ಎದುರಿಗೇ ಕೂತಿದ್ದ ಅವಳನ್ನು ಬಿಟ್ಟು ನಾನು ಬೇರೆಯವರನ್ನು ಕೇಳಿದೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಹಾಗಾಗಿ ನಿಮಗೆ ಮೊದಲು ಹೇಳುವುದು ಇದನ್ನೇ. ಮನೆಯ ಯಜಮಾನರೊಬ್ಬರಿಂದ ಎಲ್ಲರ ಉತ್ತರ ಬರೆಸಿಕೊಳ್ಳಬೇಡಿ. ಪ್ರತಿ ದೊಡ್ಡವರ ಪುಟದಲ್ಲೂ 'ಉತ್ತರ ಹೇಳಿದವರು ಯಾರು' ಅಂತ ಒಂದು ಕಾಲಂ ಇಡಿ. ಮಾವ ಹೇಳಿದ್ದಾದರೆ ಮಾವ ಅಂತಲೇ ಇರಲಿ, ಆ ಮನೆಗೆ ಇನ್ನೊಮ್ಮೆ ಹೋಗಬಹುದು. 'ನಿಮಗೆ ಕೆಲಸ ಇದೆಯಾ' ಅಂತ ಕೇಳಿದರೆ ನಮ್ಮ ಹೆಂಗಸರು ಇಲ್ಲ ಅಂತಲೇ ಹೇಳುತ್ತಾರೆ. 'ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ' ಅಂತ ಕೇಳಿ ನೋಡಿ. ಬೀಡಿ, ದನದ ಹಟ್ಟಿ, ಮಲ್ಲಿಗೆ ಕಟ್ಟುವುದು, ಒಣಮೀನು ಎಲ್ಲ ಹೊರಗೆ ಬರುತ್ತದೆ.

ಇನ್ನು ಅಂಕದ ವಿಷಯ. ಇದರಲ್ಲಿ ನನಗೆ ಹೆದರಿಕೆ ಜಾಸ್ತಿ. 2011ರಲ್ಲಿ ಕೇಂದ್ರ ಸರ್ಕಾರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ ಶುರುಮಾಡಿತಲ್ಲ, ಅದರಲ್ಲಿ ಹಳ್ಳಿಯ ಬಡವರನ್ನು ಗುರುತಿಸುವಾಗ ಕೆಲವು ವಸ್ತು ಇದ್ದ ಮನೆಯನ್ನು ನೇರವಾಗಿ ಹೊರಗಿಡುವ ನಿಯಮ ಇತ್ತು. ಫ್ರಿಜ್ ಇದ್ದರೆ ಹೊರಗೆ. ಬೈಕ್ ಇದ್ದರೆ ಹೊರಗೆ. ಮೋಟಾರು ಇರುವ ಮೀನುಗಾರಿಕೆ ದೋಣಿ ಇದ್ದರೂ ಹೊರಗೆ. ನೀವು ಮಲ್ಪೆಯ ಕಡೆಯವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಲ ಮಾಡಿ ನಾಡದೋಣಿಗೆ ಮೋಟಾರು ಕೂರಿಸಿದವನೂ ದೊಡ್ಡ ಟ್ರಾಲ್ ಬೋಟಿನ ಮಾಲೀಕನೂ ಆ ಲೆಕ್ಕದಲ್ಲಿ ಒಂದೇ. ನಿಮ್ಮ ಫಾರ್ಮಿನಲ್ಲಿ 'ದೋಣಿ ಇದೆಯಾ' ಎಂಬುದರ ಜೊತೆಗೆ ಯಾವ ದೋಣಿ, ಎಷ್ಟು ಜನರ ಪಾಲು, ಸಾಲ ಎಷ್ಟು ಬಾಕಿ ಅಂತಲೂ ಕೇಳಿ.

ತಿಂಗಳನ್ನೂ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 'ಕಳೆದ ತಿಂಗಳ ಆದಾಯ' ಎಂಬ ಒಂದೇ ಪ್ರಶ್ನೆಗೆ ಬೋಟಿಗೆ ಹೋಗುವವನು ಜುಲೈಯಲ್ಲಿ ಕೊಡುವ ಉತ್ತರ ಬೇರೆ, ಡಿಸೆಂಬರಿನಲ್ಲಿ ಕೊಡುವುದು ಬೇರೆ. ಇಡೀ ವರ್ಷದ್ದು ಕೇಳಿ.

ಮನೆಯ ಮಾಡಿಗೆ (ಛಾವಣಿಗೆ) ಅಂಕ ಹಾಕುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ನಮ್ಮಲ್ಲಿ ಹಳೇ ಜಮೀನ್ದಾರರ ಗುತ್ತಿನ ಮನೆಗೂ ಹಂಚು, ಕೂಲಿಯವರ ಮನೆಗೂ ಹಂಚು. ಮಗ ಗಲ್ಫಿನಲ್ಲಿದ್ದಾಗ ಹಾಕಿಸಿದ ಟೆರೇಸಿನ ಕೆಳಗೆ, ಅವನು ಕೆಲಸ ಬಿಟ್ಟು ಬಂದ ಮೇಲೆ, ಕಂತು ಕಟ್ಟಲಾಗದೆ ಕೂತಿರುವ ತಾಯಿಯೂ ಇರುತ್ತಾಳೆ.

'ಇತರೆ' ಇಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಲೈಬ್ರರಿಯಲ್ಲಿ ಪುಸ್ತಕಕ್ಕೆ ನಂಬರ್ ಹಾಕುವ ಡ್ಯೂಯಿ ಪದ್ಧತಿ ನೋಡಿ. ಅಮೆರಿಕದಲ್ಲಿ 1876ರಲ್ಲಿ ಬಂದದ್ದು. ಅದರಲ್ಲಿ ಧರ್ಮದ ಪುಸ್ತಕಗಳಿಗೆ 200ರಿಂದ 299. ಹೆಚ್ಚಿನ ನಂಬರು ಕ್ರೈಸ್ತ ಧರ್ಮಕ್ಕೇ ಹೋಗಿ, ಜಗತ್ತಿನ ಬೇರೆ ಧರ್ಮಗಳೆಲ್ಲ 290ರ ಹತ್ತು ನಂಬರುಗಳೊಳಗೆ ಒತ್ತಿಕೊಂಡಿವೆ. ಹಿಂದೂ ಧರ್ಮ 294.5. ಪಟ್ಟಿ ಮಾಡಿದವರಿಗೆ ಚೆನ್ನಾಗಿ ಗೊತ್ತಿದ್ದದ್ದಕ್ಕೆ ಬೇಕಾದಷ್ಟು ಜಾಗ ಸಿಕ್ಕಿತು. ನಿಮ್ಮ ಉದ್ಯೋಗದ ಪಟ್ಟಿಯಲ್ಲೂ ಬ್ಯಾಂಕು, ಐಟಿ, ಗಲ್ಫ್ ಅಂತ ಸಾಲುಗಳಿದ್ದು, ಮೀನು ಮಾರುವವರು 'ಇತರೆ' ಆಗಿಲ್ಲ ತಾನೇ?

ಮೊದಲ 50 ಮನೆಗಳಲ್ಲಿ ಪಟ್ಟಿಯೇ ಬೇಡ. ಅವರು ಹೇಳಿದ ಮಾತನ್ನೇ ಬರೆದುಕೊಳ್ಳಿ. ಸಾಲುಗಳನ್ನು ಆಮೇಲೆ ಮಾಡಿ, ಆದರೆ ಅವರ ಮಾತನ್ನು ಅಳಿಸಬೇಡಿ. 2011ರ ಜನಗಣತಿಯಲ್ಲಿ ಜನ ಹೇಳಿದ ಮಾತೃಭಾಷೆಗಳ ಹೆಸರು 19,569. ಅದನ್ನು ಪರಿಶೀಲಿಸಿ 1,369ಕ್ಕೆ ತಂದರು. ಕೊನೆಗೆ 121 ಭಾಷೆಗಳ ಕೆಳಗೆ ಜೋಡಿಸಿದರು. 5 ಕೋಟಿ ಜನರ ಭೋಜಪುರಿ ಹಿಂದಿಯ ಕೆಳಗೆ ಹೋಯಿತು. ಒಳಗಿನ ಹೆಸರು ಉಳಿಸಿದ್ದರಿಂದಲೇ ಆ 5 ಕೋಟಿ ನಮಗೆ ಇವತ್ತು ಗೊತ್ತು.

ಜಾತಿಯ ಪ್ರಶ್ನೆ ಕಷ್ಟದ್ದು. ನೀವು ಕೇಳದಿದ್ದರೂ ನಮ್ಮ ಊರಿನಲ್ಲಿ ಹೆಸರಿನ ಕೊನೆಯ ಪದವೇ ಹೇಳಿಬಿಡುತ್ತದೆ, ಅಲ್ವಾ? ಶೆಟ್ಟಿ, ಪೂಜಾರಿ, ಭಟ್ ಅಂತ ಓದಿದ ಕೂಡಲೇ ಆರಿಸುವವರಿಗೆ ತಿಳಿಯುತ್ತದೆ. ಕೇಳದೇ ಬಿಟ್ಟರೆ ನಷ್ಟವೂ ಇದೆ. ಕೊರಗರ ಮನೆಗಳನ್ನೇ ನೆನೆಸಿಕೊಳ್ಳಿ. ಈ ಬುಡಕಟ್ಟಿನವರನ್ನು ಕೀಳಾಗಿ ಕಂಡು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಇಲ್ಲಿ 2000ದಲ್ಲಿ ಕಾನೂನನ್ನೇ ತರಬೇಕಾಯಿತು. ನಿಮ್ಮ ಪಟ್ಟಿಯ ಮೊದಲ 40 ಹೆಸರಲ್ಲಿ ಅವರ ಒಂದು ಮನೆಯೂ ಇಲ್ಲದಿದ್ದರೆ, ಜಾತಿ ಬರೆದುಕೊಳ್ಳದೆ ಅದು ನಿಮಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಕೇಳಿ, ಯಾಕೆ ಕೇಳುತ್ತಿದ್ದೀರಿ ಅಂತಲೂ ಹೇಳಿ. ಹೇಳಲು ಇಷ್ಟ ಇಲ್ಲದವರನ್ನು ಬಿಟ್ಟುಬಿಡಿ. ಆರಿಸುವವರ ಕೈಗೆ ಹೆಸರೂ ಜಾತಿಯೂ ಇಲ್ಲದ ಹಾಳೆ ಹೋಗಲಿ, ಮನೆ ನಂಬರ್ ಸಾಕು. ಪಟ್ಟಿ ಆದ ಮೇಲೆ ಇಬ್ಬರು ಬೇರೆಯವರು ಜಾತಿಯ ಕಾಲಂ ತೆರೆದು, ಯಾರು ಬಿಟ್ಟುಹೋದರು ಅಂತ ನೋಡಲಿ.

ಕಂಪ್ಯೂಟರಿನ ಪಟ್ಟಿಯನ್ನು ಕೊನೆಯದೆಂದು ಹಿಡಿಯಬೇಡಿ. ಹೆಸರು ಬಾರದವರಿಗೆ ಯಾಕೆ ಬರಲಿಲ್ಲ ಅಂತ ಅವರ ಮಾತಿನಲ್ಲೇ, ತುಳುವೋ ಕೊಂಕಣಿಯೋ ಬ್ಯಾರಿಯೋ, ಹೇಳಿ. ತಪ್ಪಿದ್ದರೆ ತಿದ್ದಿಸಲು 15 ದಿನ ಕೊಡಿ.

ಫಾರ್ಮ್ ಸಿದ್ಧವಾದ ಮೇಲೆ ಮಂಡಲದ ಹುಡುಗರಿಗೆ ತೋರಿಸುವ ಮೊದಲು ಅದನ್ನು ಬೀಡಿ ಬ್ರಾಂಚಿನ ಬಾಗಿಲಿಗೆ ತೆಗೆದುಕೊಂಡು ಹೋಗಿ. ಸಾಲಿನಲ್ಲಿ ನಿಂತ ಹೆಂಗಸರಲ್ಲಿ ನಾಲ್ಕೈದು ಜನರಿಂದ ತುಂಬಿಸಿ ನೋಡಿ. ಅವರು ಯಾವ ಪ್ರಶ್ನೆಗೆ ತಡೆದು ನಿಂತರು ಅಂತ ನನಗೆ ಖಂಡಿತ ಬರೆಯಿರಿ.