ಮೇಜಿನ ಮೇಲೆ ಉಳಿದ ನೇಮಕಾತಿ ಪತ್ರ

ಪ್ರಶ್ನೆ: ಸರ್, ಅಮೆರಿಕ ಸ್ವಾತಂತ್ರ್ಯ ಘೋಷಿಸಿದ್ದು 1776ರಲ್ಲಿ, ಸಂವಿಧಾನ ಬರೆದಿದ್ದು 1787ರಲ್ಲಿ. ನಡುವೆ ಸರ್ಕಾರ ಹೇಗೆ ನಡೀತಿತ್ತು? (ಓದುಗರು, ತಿಪಟೂರು)

ಉತ್ತರ: ಬಹಳ ಕಷ್ಟದಲ್ಲಿ ನಡೀತಿತ್ತು. 1781ರಲ್ಲಿ ಜಾರಿಗೆ ಬಂದ ಒಂದು ಒಪ್ಪಂದ ಇತ್ತು, ಆದ್ರೆ ಅದ್ರಲ್ಲಿ ಕೇಂದ್ರಕ್ಕೆ ತೆರಿಗೆ ಹಾಕೋ ಅಧಿಕಾರಾನೇ ಇರ್ಲಿಲ್ಲ, ರಾಜ್ಯಗಳ ಮುಂದೆ ಕೈಚಾಚಬೇಕು, ಕೊಟ್ರೆ ಉಂಟು ಇಲ್ದಿದ್ರೆ ಇಲ್ಲ. ಹೊರಗಿಂದ ಬರೋ ಸಾಮಾನಿಗೆ ನೂರಕ್ಕೆ 5 ಸುಂಕ ಹಾಕೋಣ ಅಂದ್ರೆ 13 ರಾಜ್ಯಾನೂ ಒಪ್ಪಬೇಕಿತ್ತು, ಪುಟ್ಟ ರೋಡ್ ಐಲೆಂಡ್ ಆಗಲ್ಲ ಅಂತು, ಅದು ಬಿದ್ದೋಯ್ತು. ಇತ್ತ ಮ್ಯಾಸಚೂಸೆಟ್ಸ್‌ನಲ್ಲಿ ಸಾಲ ತೆರಿಗೆ ಎರಡೂ ಕಟ್ಟೋಕಾಗ್ದೆ ಜಮೀನು ಕಳ್ಕೊಳ್ತಿದ್ದ ರೈತರು 1786ರಲ್ಲಿ ಗುಂಪು ಕಟ್ಕೊಂಡು ಬಂದು ಕೋರ್ಟುಗಳನ್ನೇ ನಡೆಯೋಕೆ ಬಿಡ್ಲಿಲ್ಲ. ಅವರ ಮುಂದಾಳುಗಳಲ್ಲಿ ಒಬ್ಬ ಡೇನಿಯಲ್ ಶೇಸ್, ಸ್ವಾತಂತ್ರ್ಯಕ್ಕೆ ಹೋರಾಡಿದ ಮಾಜಿ ಸೈನಿಕ. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಮುಂದೆ ರಾಜ್ಯದ ಪಡೆ ಫಿರಂಗಿ ಹಾರಿಸಿದಾಗ ನಾಲ್ಕು ಜನ ರೈತರು ಸತ್ರು. ದಂಗೆ ಅಡಗಿಸೋಕೆ ಕೇಂದ್ರದ ಹತ್ರ ಸೈನ್ಯ ಇಲ್ಲ, ಬೋಸ್ಟನ್ ಕಡೆಯ ವ್ಯಾಪಾರಿಗಳು ದುಡ್ಡು ಹಾಕಿ ಪಡೆ ಕಟ್ಟಿಸಿದ್ರು! ಮೇ ತಿಂಗಳಿಗೆ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಸಭೆ ಕೂತೇ ಬಿಡ್ತು.

ಪ್ರಶ್ನೆ: ಸಂಸತ್ತು ಮಾಡಿದ ಕಾನೂನನ್ನ ರದ್ದು ಮಾಡೋ ಅಧಿಕಾರ ಅಲ್ಲಿನ ಸುಪ್ರೀಂ ಕೋರ್ಟಿಗೆ ಸಂವಿಧಾನದ ಯಾವ ಸಾಲಲ್ಲಿದೆ? ಹುಡುಕಿ ಸಾಕಾಯ್ತು. (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಸಿಗಲ್ಲಮ್ಮ, ಅಂಥ ಸಾಲೇ ಇಲ್ಲ. ನನ್ನ ಕೇಳಿದ್ರೆ ಅಮೆರಿಕ ಸರ್ಕಾರದ ಇತಿಹಾಸದಲ್ಲಿ ದೊಡ್ಡ ತಿರುವು ಇದೇ. ಅಧ್ಯಕ್ಷ ಜಾನ್ ಆಡಮ್ಸ್ ಚುನಾವಣೆ ಸೋತು 1801ರ ಮಾರ್ಚಲ್ಲಿ ಅಧಿಕಾರ ಬಿಡೋ ಹೊತ್ತಿಗೆ ತನ್ನ ಕಡೆಯವರನ್ನ ರಾಜಧಾನಿಯಲ್ಲಿ ಸಣ್ಣ ನ್ಯಾಯಾಧಿಕಾರಿಗಳಾಗಿ ನೇಮಿಸ್ತಾರೆ, ಪತ್ರಗಳಿಗೆ ಸಹಿ ಬಿತ್ತು, ಸೀಲೂ ಬಿತ್ತು, ಆದ್ರೆ ಗಡಿಬಿಡಿಯಲ್ಲಿ ಕೆಲವು ತಲುಪಿಸದೇ ಕಚೇರಿಯಲ್ಲೇ ಉಳ್ಕೊಂಡ್ವು. ಹೊಸ ಅಧ್ಯಕ್ಷ ಜೆಫರ್ಸನ್ ಅವನ್ನ ಕೊಡ್ಬೇಡಿ ಅಂದ್ರು. ಪತ್ರ ಸಿಗದ ವಿಲಿಯಂ ಮಾರ್ಬರಿ, ವಿದೇಶಾಂಗ ಕಾರ್ಯದರ್ಶಿ ಮ್ಯಾಡಿಸನ್ ಮೇಲೆ ನೇರ ಸುಪ್ರೀಂ ಕೋರ್ಟಿಗೆ ಹೋದ. ಅಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್. ಆಡಮ್ಸ್ ಕಾಲದಲ್ಲಿ ಮ್ಯಾಡಿಸನ್‌ರ ಜಾಗದಲ್ಲಿ ಕೂತು ಆ ಪತ್ರಗಳನ್ನ ತಲುಪಿಸಬೇಕಾಗಿದ್ದವರೂ ಇವರೇ! ಆ ಕೇಸಿಂದ ಅವರು ದೂರ ಇರ್ಬೇಕಿತ್ತು ಅಂತ ನನಗೆ ಈಗ್ಲೂ ಅನ್ಸುತ್ತೆ.

ಮಾರ್ಷಲ್‌ಗೂ ಇಕ್ಕಟ್ಟು, ಪತ್ರ ಕೊಡಿ ಅಂತ ಆದೇಶ ಮಾಡಿದ್ರೆ ಜೆಫರ್ಸನ್ ಕೇಳಲ್ಲ, ಕೋರ್ಟಿನ ಮರ್ಯಾದೆ ಹೋಗುತ್ತೆ, ಸುಮ್ಮನಿದ್ರೆ ಹೆದರಿದ ಹಾಗೆ. 1803ರ ಫೆಬ್ರವರಿ 24ರಂದು ಏನು ತೀರ್ಪು ಕೊಟ್ರು ನೋಡಿ: ಮಾರ್ಬರಿಗೆ ಹಕ್ಕಿದೆ, ಸರ್ಕಾರ ಮಾಡಿದ್ದು ತಪ್ಪು, ಆದ್ರೆ ಇಂಥ ಅರ್ಜಿ ನೇರ ನಮ್ಮ ಹತ್ರ ತರಬಹುದು ಅನ್ನೋ 1789ರ ಕಾನೂನಿನ ಭಾಗಾನೇ ಸಂವಿಧಾನಕ್ಕೆ ವಿರುದ್ಧ, ಹಾಗಾಗಿ ಅದು ನಡೆಯಲ್ಲ. ಸಂಸತ್ತು ಕೊಟ್ಟ ಒಂದು ಸಣ್ಣ ಅಧಿಕಾರ ಬೇಡ ಅಂತ ಹೇಳ್ತಾನೇ ಕಾನೂನನ್ನ ಅಳೆಯೋ ದೊಡ್ಡ ಅಧಿಕಾರಾನ ಕೋರ್ಟು ತಗೊಂಡ್ಬಿಡ್ತು. ಜೆಫರ್ಸನ್ ಮೀರೋಕೆ ಆದೇಶಾನೇ ಇರ್ಲಿಲ್ಲ, ಮಾರ್ಬರಿಗೆ ಆ ಕೆಲಸ ಕೊನೆಗೂ ಸಿಗ್ಲಿಲ್ಲ. ಆ ಅಧಿಕಾರ ಸಂಸತ್ತಿನ ಇನ್ನೊಂದು ಮುಖ್ಯ ಕಾನೂನಿನ ಮೇಲೆ ಬಿದ್ದಿದ್ದು 1857ರಲ್ಲಿ, ಅದೂ ಗುಲಾಮಗಿರಿಯ ಪರವಾಗಿ, ಗುಲಾಮನಾಗಿದ್ದ ಡ್ರೆಡ್ ಸ್ಕಾಟ್ ತನ್ನ ಬಿಡುಗಡೆಗೆ ಹಾಕಿದ ಕೇಸಲ್ಲಿ. ಅದನ್ನ ಓದುವಾಗ ಈಗ್ಲೂ ಸಂಕಟ ಆಗುತ್ತೆ.

ಪ್ರಶ್ನೆ: ನಮ್ಮ ಸಂವಿಧಾನ ಬರೆದವರು ಇದನ್ನೆಲ್ಲ ನೋಡಿದ್ರಾ? (ಓದುಗರು, ಪುತ್ತೂರು)

ಉತ್ತರ: ನೋಡಿದ್ರು, ಅದ್ರಲ್ಲೂ ನಿಮ್ಮ ಜಿಲ್ಲೆಯವರೇ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮಂಗಳೂರಲ್ಲಿ ಹುಟ್ಟಿದವರು. 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನ ಕಂಡ್ರು. ಕಾನೂನು ನ್ಯಾಯವಾಗಿದೆಯಾ ಅಂತ ಕೋರ್ಟು ತೂಗಿ ನೋಡೋಕೆ ದಾರಿ ಮಾಡೋ 'ಡ್ಯೂ ಪ್ರೊಸೆಸ್' ಅನ್ನೋ ಮಾತು ಬೇಡ ಅಂತ ಫ್ರಾಂಕ್‌ಫರ್ಟರ್ ಎಚ್ಚರಿಸಿದ್ರು. ಕಾರಣ ಇತ್ತು, ಬೇಕರಿ ಕೆಲಸಗಾರರನ್ನ ದಿನಕ್ಕೆ 10 ಗಂಟೆಗಿಂತ ಜಾಸ್ತಿ ದುಡಿಸ್ಬಾರದು ಅನ್ನೋ ನ್ಯೂಯಾರ್ಕ್ ಕಾನೂನನ್ನ 1905ರಲ್ಲಿ ಅಲ್ಲಿನ ಕೋರ್ಟು ಇದೇ ಮಾತು ಹಿಡ್ಕೊಂಡು ಹೊಡೆದು ಹಾಕಿತ್ತು. ಹಾಗಾಗಿ ಜೀವ, ಸ್ವಾತಂತ್ರ್ಯ ಕಾಯೋ ನಮ್ಮ 21ನೇ ವಿಧಿಯಲ್ಲಿ 'ಕಾನೂನು ಸ್ಥಾಪಿಸಿದ ಕಾರ್ಯವಿಧಾನ' ಅಂತ ಬಂತು, ಅಂದ್ರೆ ಕಾನೂನಲ್ಲಿ ಬರೆದ ಕ್ರಮ ಪಾಲಿಸಿದ್ರೆ ಸಾಕು ಅಂತ. 1978ರ ಮೇನಕಾ ಗಾಂಧಿ ಕೇಸಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ಕಾರ್ಯವಿಧಾನ ನ್ಯಾಯಯುತವಾಗಿರಲೇಬೇಕು ಅಂತು, ರಾಯರು ಬಿಟ್ಟು ಬಂದಿದ್ದು ಬೇರೆ ಬಾಗಿಲಿಂದ ಒಳಗೆ ಬಂತು.