ಗೊಬ್ಬರ ಹಾಕಿದರೂ ಇಳುವರಿ ಇಳಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಬೆಟ್ಟದ ಇಳಿಜಾರಿನಲ್ಲಿ ಒಂದು ಎಕರೆಗೂ ಕಡಿಮೆ ಜಮೀನು, ಅದೂ ಮೂರು ತುಂಡು. ವರ್ಷ ವರ್ಷ ಗೊಬ್ಬರ ಜಾಸ್ತಿ ಹಾಕಿದರೂ ಇಳುವರಿ ಇಳಿಯುತ್ತಲೇ ಇದೆ. ಹೊಲದ ಮೇಲಿನ ಅಂಚಿನಲ್ಲಿ ಪೈರು ಹಳದಿ, ಕೆಳಗಿನ ಅಂಚಿನಲ್ಲಿ ಹಚ್ಚ ಹಸಿರು. ನಮಗಿಂತ ಮೇಲಿನ ಜಮೀನಿನವರು ಊರು ಬಿಟ್ಟಿದ್ದಾರೆ. ಅವರ ಬದು ಒಡೆದು ನೀರೆಲ್ಲ ನಮ್ಮ ಹೊಲಕ್ಕೆ ನುಗ್ಗುತ್ತದೆ. ಜೆಸಿಬಿ ತರಿಸಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿಸೋಣ ಅನ್ನುತ್ತಾನೆ ತಮ್ಮ. ಮಾಡಿಸಲಾ ಸರ್?

ಉತ್ತರ: ಈಗಲೇ ಬೇಡ. ಜೆಸಿಬಿ ಗುಡ್ಡ ಕಡಿದರೆ ಮೇಲ್ಮಣ್ಣು ಅಡಿಗೆ ಹೋಗುತ್ತದೆ, ಸತ್ವವಿಲ್ಲದ ಒಳಮಣ್ಣು ಮೇಲೆ ಬರುತ್ತದೆ. ಆಮೇಲೆ ಕೆಲವು ವರ್ಷ ಈಗಿನಷ್ಟೂ ಬೆಳೆ ಬರುವುದಿಲ್ಲ. ಮುಂದೆ ಯಾವಾಗಲಾದರೂ ಮಾಡಿಸಿದರೆ, ಮೇಲ್ಮಣ್ಣನ್ನು ಮೊದಲು ಕೆರೆದು ಒಂದು ಕಡೆ ಗುಡ್ಡೆ ಹಾಕಿಸಿ, ಮಟ್ಟ ಮಾಡಿದ ಮೇಲೆ ಮತ್ತೆ ಹರಡಿಸಿ. ಇದೊಂದು ಮಾತನ್ನು ದಯವಿಟ್ಟು ಬಿಡಬೇಡಿ.

ಮೇಲೆ ಹಳದಿ, ಕೆಳಗೆ ಹಸಿರು ಅಂದಿರಲ್ಲ, ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ. ಮಳೆಯೊಂದೇ ಮಣ್ಣನ್ನು ಇಳಿಸುವುದಲ್ಲ. ಇಳಿಜಾರಿನಲ್ಲಿ ಅಗೆಯುವವರನ್ನು ಗಮನಿಸಿ ನೋಡಿ. ಬೆಟ್ಟದ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಗುದ್ದಲಿಯ ಪ್ರತಿ ಏಟಿಗೂ ಮಣ್ಣು ಅವರ ಕಾಲಿನ ಕಡೆಗೆ ಬರುತ್ತದೆ. ಒಂದು ಹನಿ ಮಳೆ ಬೀಳದಿದ್ದರೂ ಹೊಲ ಹೀಗೆ ಕೆಳಗಿಳಿಯುತ್ತಾ ಹೋಗುತ್ತದೆ. ಆಲ್ಪ್ಸ್ ಪರ್ವತದ ರೈತರು ಹಿಂದೆ ಕೆಳಗಿನ ಅಂಚಿನ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ, ಬೆನ್ನಿನ ಮೇಲೆ ಹೊತ್ತು ಮೇಲಿನ ಅಂಚಿಗೆ ಸುರಿಯುತ್ತಿದ್ದರು. ಎಂಥ ದುಡಿಮೆ ಅದು! ನಿಮಗೆ ಅಷ್ಟು ಕಷ್ಟ ಬೇಡ, ಮಣ್ಣು ಇಳಿಯುವುದನ್ನು ತಡೆದರೆ ಸಾಕು.

ಫಿಲಿಪ್ಪೀನ್ಸ್‌ನ ಮಿಂಡನಾವೊ ದ್ವೀಪದಲ್ಲಿ 1970ರ ದಶಕದಲ್ಲಿ ಬೆಳೆದು ಬಂದ ವಿಧಾನವನ್ನೇ ನಾನು ಬೆಟ್ಟದ ರೈತರಿಗೆ ಹೇಳುವುದು. ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಗಿಡಗಳ ಬೇಲಿ ಸಾಲು ಹಾಕಬೇಕು. ಮಟ್ಟ ಹಿಡಿಯಲು ಯಂತ್ರ ಬೇಕಿಲ್ಲ. ಆಳುದ್ದಕ್ಕಿಂತ ಸ್ವಲ್ಪ ಉದ್ದದ ಎರಡು ಸಮ ಕೋಲುಗಳ ತುದಿ ಸೇರಿಸಿ ಕಟ್ಟಿ, ಕೆಳತುದಿಗಳನ್ನು ಎರಡು ಕಾಲಿನಂತೆ ಅಗಲಿಸಿ, ನಡುವೆ ಅಡ್ಡಕೋಲು ಬಿಗಿಯಿರಿ. ಮೇಲ್ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ದಾರ ಅಡ್ಡಕೋಲಿಗೆ ತಾಗಿದ ಕಡೆ ಗುರುತು ಹಾಕಿ. ಕಾಲುಗಳನ್ನು ಅದಲು ಬದಲು ಮಾಡಿ ಅದೇ ಜಾಗದಲ್ಲಿ ಇಟ್ಟು ಇನ್ನೊಂದು ಗುರುತು ಹಾಕಿ. ಎರಡು ಗುರುತಿನ ಮಧ್ಯವೇ ಸರಿಯಾದ ಮಟ್ಟ. ಈ ಚೌಕಟ್ಟನ್ನು ಇಳಿಜಾರಿಗೆ ಅಡ್ಡವಾಗಿ ಮುಂದೆ ಮುಂದೆ ಇಡುತ್ತಾ, ದಾರ ಅಲ್ಲಿಗೆ ಬಂದಾಗಲೆಲ್ಲ ಕಾಲಿನ ಬುಡದಲ್ಲಿ ಒಂದು ಗೂಟ ಹೊಡೆಯುತ್ತಾ ಹೋಗಿ. ಆ ಗೂಟದ ಸಾಲಿನಲ್ಲಿ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಅಥವಾ ಲಾವಂಚ ಒತ್ತಾಗಿ ನೆಡಿ. ಗ್ಲಿರಿಸಿಡಿಯಾ ಸೊಪ್ಪು ಕಡಿದು ಸಾಲಿನ ನಡುವೆ ಹಾಸಿದರೆ ಸಾರಜನಕವೂ ಸಿಗುತ್ತದೆ. ಜಾರಿ ಬಂದ ಮಣ್ಣು ಬೇಲಿಯ ಹಿಂದೆ ನಿಂತು ಕೆಲವು ವರ್ಷಗಳಲ್ಲಿ ತಾನಾಗಿಯೇ ಮೆಟ್ಟಿಲಾಗುತ್ತದೆ. ಬೇಲಿಗೆ ಒಂದಿಷ್ಟು ಜಾಗ ಹೋಗುತ್ತದೆ, ನಿಜ. ಚಿಕ್ಕ ಹಿಡುವಳಿದಾರರಿಗೆ ಅದು ನೋವೇ. ಅದಕ್ಕೇ ಮೇಲಿನ ತುಂಡಿನಲ್ಲಿ ಮಾತ್ರ ಮೊದಲು ಮಾಡಿ ನೋಡಿ.

ಗೊಬ್ಬರ ಹತ್ತದೇ ಇರುವುದಕ್ಕೆ ಹುಳಿ ಮಣ್ಣೂ ಕಾರಣ ಇರಬಹುದು. ಮಣ್ಣು ಪರೀಕ್ಷೆ ಮಾಡಿಸಿ. ರಸಸಾರ (pH) 5.5ಕ್ಕಿಂತ ಕಡಿಮೆ ಇದ್ದರೆ ಅಲ್ಯೂಮಿನಿಯಂ ಕರಗಿ ಬೇರು ಮೊಟಕಾಗುತ್ತದೆ, ಹಾಕಿದ ರಂಜಕ ಮಣ್ಣಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸುಣ್ಣ ಬೇಕು. ಅದಿಲ್ಲದೆ ಗೊಬ್ಬರಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ನನ್ನನ್ನು ಹೆಚ್ಚು ಕಾಡಿದ್ದು ಮೇಲಿನ ಜಮೀನಿನ ವಿಷಯ. ಬೆಟ್ಟದಲ್ಲಿ ಯಾರ ಹೊಲವೂ ಅವರೊಬ್ಬರದೇ ಅಲ್ಲ. ಮೇಲಿನವರು ಬಿಟ್ಟ ಬದು ಕೆಳಗಿನವರ ಬೆಳೆಯನ್ನು ತಿನ್ನುತ್ತದೆ. ಫಿಲಿಪ್ಪೀನ್ಸ್‌ನ ಇಫುಗಾವೊ ಬೆಟ್ಟದ ಮೆಟ್ಟಿಲು ಗದ್ದೆಗಳು 1995ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 2001ರ ಹೊತ್ತಿಗೆ ಅವೇ ಅಪಾಯದ ಪಟ್ಟಿಗೆ ಹೋದವು. ಎಳೆಯರು ಊರು ಬಿಟ್ಟರು, ನೀರಿನ ಕಾಲುವೆ ನೋಡುವವರಿಲ್ಲದೆ ಗೋಡೆಗಳು ಕುಸಿದವು. ಜನ, ಸರ್ಕಾರ ಸೇರಿ ದುರಸ್ತಿ ಮಾಡಿದ ಮೇಲೆ 2012ರಲ್ಲಿ ಆ ಪಟ್ಟಿಯಿಂದ ಹೊರಬಂದವು. ಊರು ಬಿಟ್ಟವರಿಗೆ ಫೋನ್ ಮಾಡಿ, ಬದು ರಿಪೇರಿ ಮಾಡಿಕೊಂಡು ಅಲ್ಲಿ ಹುಲ್ಲು ಬೆಳೆಸಿಕೊಳ್ಳಲು ಒಪ್ಪಿಗೆ ಕೇಳಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಅಲ್ಲಿಯವರೆಗೆ ನಿಮ್ಮ ಮೇಲಿನ ಅಂಚಿಗೆ ಒಂದು ಬಸಿಗಾಲುವೆ ತೆಗೆದು ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ. ಕಾಲುವೆ ಕಡಿದಾಗಿದ್ದರೆ ಅದೇ ಕೊರಕಲಾಗುತ್ತದೆ, ಇಳಿಜಾರು ತೀರಾ ಸಣ್ಣದಿರಲಿ. ಇನ್ನೊಬ್ಬರ ಹೊಲಕ್ಕೆ ಮಾತ್ರ ಬಿಡಬೇಡಿ.

ಪ್ರಶ್ನೆ: ಕಣಿವೆಯಲ್ಲಿ ಚೆನ್ನಾಗಿ ಬರುವ ಜೋಳದ ತಳಿ, ಅಲ್ಲಿಂದ 600 ಮೀಟರ್ ಮೇಲಿರುವ ನಮ್ಮ ಹೊಲದಲ್ಲಿ ಮಾಗುವುದೇ ಇಲ್ಲ. ಬೀಜದ ದೋಷವೇ?

ಉತ್ತರ: ಬೀಜದ್ದಲ್ಲ, ಚಳಿಯದ್ದು. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿಯಷ್ಟು ತಂಪು. ನಿಮ್ಮಲ್ಲಿ ಕಣಿವೆಗಿಂತ ಸುಮಾರು 4 ಡಿಗ್ರಿ ಕಡಿಮೆ ಇರುತ್ತದೆ, ಪೈರಿಗೆ ವಾರಗಟ್ಟಲೆ ಜಾಸ್ತಿ ಸಮಯ ಬೇಕು. ಬೇಗ ಮಾಗುವ ತಳಿ ತನ್ನಿ, ಇಲ್ಲವೇ ನಿಮ್ಮಷ್ಟೇ ಎತ್ತರದಲ್ಲಿ ಬೆಳೆಯುವವರ ಹತ್ತಿರ ಬೀಜ ಕೇಳಿ.