ನಗು ಮುಗಿಯುವ ತನಕ ಕಾಯುವವರು

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಹೆವಿ ಮೆಟಲ್ ರಾಕ್ ನುಡಿಸುತ್ತಲೇ ನಗಿಸುವ ಹಾಸ್ಯ ಮೆಟಲ್ ತಂಡಗಳ ಲೈವ್ ಆಲ್ಬಂಗಳನ್ನು ಹೊಗಳಿ ನೀವು ಹಿಂದಿನ ಸಂಚಿಕೆಯಲ್ಲಿ ಬರೆದದ್ದನ್ನು ನಂಬಿ ಅಂಥದ್ದೊಂದನ್ನು ಕೇಳಿದೆ. ಅರ್ಧಕ್ಕರ್ಧ ಹರಟೆ. ಹಾಡಿನ ಮಧ್ಯೆ ವಾದ್ಯಗಳು ಒಂದೇ ತುಣುಕನ್ನು ಸುಮ್ಮನೆ ತಿರುಗಿಸುತ್ತ ನಿಂತುಬಿಡುತ್ತವೆ. ಎರಡು ಹಾಡುಗಳ ನಡುವಿನ ಜೋಕು ಅರ್ಧಕ್ಕೇ ಕರಗಿಹೋಗುತ್ತದೆ. ಅವೇ ಹಾಡುಗಳು ಸ್ಟುಡಿಯೋ ಆಲ್ಬಂನಲ್ಲಿ ಎಷ್ಟು ಸ್ವಚ್ಛವಾಗಿವೆ! ಒಮ್ಮೆ ನಕ್ಕ ಜೋಕಿಗೆ ಮತ್ತೆ ನಗು ಬರುವುದಿಲ್ಲ, ಹಾಡನ್ನಾದರೆ ನೂರು ಸಲ ಕೇಳಬಹುದು. ಹೇಗೂ ಗಂಭೀರವಾಗಿ ನುಡಿಸಲು ಬಾರದವರು ತಾನೆ ಹಾಸ್ಯಕ್ಕೆ ಇಳಿಯುವುದು? ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದರ ಹಿಂದಿನ ಸಾಲನ್ನು ಮಾತ್ರ ಹಾಗೇ ಬಿಟ್ಟು ಮುಂದೆ ಹೋಗಲಾರೆ. ನುಡಿಸಲು ಬಾರದವರು ಅಂದಿರಿ. ಸ್ಟೀಲ್ ಪ್ಯಾಂಥರ್ ಎಂಬ ಹಾಸ್ಯ ತಂಡದಲ್ಲಿ ಸ್ಯಾಚೆಲ್ ಎಂಬ ಹೆಸರಿಟ್ಟುಕೊಂಡು ಗಿಟಾರ್ ಹಿಡಿಯುವ ರಸ್ ಪ್ಯಾರಿಶ್, ಗಂಭೀರ ಮೆಟಲ್ ತಂಡ ಜೂಡಾಸ್ ಪ್ರೀಸ್ಟ್‌ನ ಗಾಯಕ ರಾಬ್ ಹ್ಯಾಲ್‌ಫರ್ಡ್ ಕಟ್ಟಿದ ಫೈಟ್ ತಂಡದಲ್ಲಿ ನುಡಿಸಿದವರು. ಕಾರ್ಟೂನ್ ತಂಡ ಡೆತ್‌ಕ್ಲಾಕ್‌ನ ಡ್ರಮ್ಸ್ ಹಿಂದೆ ಕೂತವರು ಡಾರ್ಕ್ ಏಂಜೆಲ್, ಡೆತ್ ಎಂಬ ಗಂಭೀರ ಮೆಟಲ್ ತಂಡಗಳ ಜೀನ್ ಹೋಗ್ಲಾನ್. ಟೆನೇಶಿಯಸ್ ಡಿ ಎಂಬ ಹಾಸ್ಯ ಜೋಡಿಯ 2001ರ ಮೊದಲ ಆಲ್ಬಂಗೆ ಡ್ರಮ್ಸ್ ಬಾರಿಸಿದ್ದು ನಿರ್ವಾಣ ತಂಡದ ಡ್ರಮ್ಮರ್ ಆಗಿದ್ದ ಡೇವ್ ಗ್ರೋಲ್. ಎಸ್‌ಒಡಿ ಎಂಬ ಹಾಸ್ಯ ತಂಡ 1985ರಲ್ಲಿ ಮೂರೇ ದಿನದಲ್ಲಿ ಆಲ್ಬಂ ಮುಗಿಸಿತಲ್ಲ, ಅದರಲ್ಲಿದ್ದವರು ಮೆಟಲ್ ತಂಡ ಆಂಥ್ರಾಕ್ಸ್‌ನ ಸ್ಕಾಟ್ ಇಯನ್ ಮತ್ತು ಚಾರ್ಲಿ ಬೆನಾಂಟೆ. ಸಿನಿಮಾದಿಂದ ಹೆಸರಾದ ನಕಲಿ ತಂಡ ಸ್ಪೈನಲ್ ಟ್ಯಾಪ್‌ನ ಮೂವರು ನಟರು, ನಿಜ. ಆದರೆ ನುಡಿಸಿದ್ದೂ ಹಾಡಿದ್ದೂ ಅವರೇ. ಅವರ 1992ರ ಆಲ್ಬಂನ ಒಂದೇ ಹಾಡಿಗೆ ಸೋಲೋ (ಒಂಟಿ ನುಡಿಕೆ) ಕೊಡಲು ಹೆಸರಾಂತ ಗಿಟಾರ್ ವಾದಕರಾದ ಜೆಫ್ ಬೆಕ್, ಜೋ ಸಾಟ್ರಿಯಾನಿ, ಸ್ಲ್ಯಾಶ್, ಸ್ಟೀವ್ ಲ್ಯೂಕತರ್ ನಾಲ್ವರೂ ಬಂದರು. ನಿಮ್ಮ 'ಬಾರದವರ' ಪಟ್ಟಿಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ, ಪುಟ ಸಾಲದು.

ಬಾರದವರಂತೆ ನುಡಿಸುವುದೂ ಬಂದವರಿಗೆ ಮಾತ್ರ ಸಾಧ್ಯ. ಬ್ರಿಟನ್ನಿನ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ 1983ರಲ್ಲಿ ಹುಟ್ಟಿದ ಬ್ಯಾಡ್ ನ್ಯೂಸ್ ತಂಡದ ಕಸುಬೇ ಕೆಟ್ಟದಾಗಿ ನುಡಿಸುವುದು. ಅವರ 1987ರ ಆಲ್ಬಂ ನಿರ್ಮಿಸಿದವರು ಕ್ವೀನ್ ತಂಡದ ಬ್ರಯಾನ್ ಮೇ. ಸೋಲೋದಲ್ಲಿ ಸ್ವರ ತಪ್ಪಬೇಕಿದ್ದರೆ ಪೂರಾ ಒಂದು ಫ್ರೆಟ್ (ಗಿಟಾರಿನ ಒಂದು ಮನೆ) ತಪ್ಪಬೇಕು. ತಂತಿಯ ಶ್ರುತಿ ಕೂದಲೆಳೆಯಷ್ಟು ಇಳಿದರೆ ಕೇಳುಗನಿಗೆ ಜೋಕು ಕಾಣುವುದಿಲ್ಲ, ಶ್ರುತಿ ಮಾಡಿಕೊಂಡಿಲ್ಲ ಅನ್ನಿಸುತ್ತದೆ ಅಷ್ಟೇ. ಗಿಟಾರ್ ಲಯ ತಪ್ಪುವಾಗ ಡ್ರಮ್ಮರ್ ಅಲುಗದೆ ನಿಲ್ಲಬೇಕು. ಇಬ್ಬರೂ ತಪ್ಪಿದರೆ ತಪ್ಪು ಯಾವುದಕ್ಕೆ ಹೋಲಿಸಿ ತಪ್ಪು? ಒಬ್ಬ ಎಡವಿದ್ದು ಕೇಳಿಸಬೇಕಾದರೆ ಉಳಿದ ಮೂವರು ಲೋಹದ ಗೆರೆ ಎಳೆದಂತೆ ನೇರ ಇರಬೇಕು.

ಸ್ಟುಡಿಯೋ ಬಗ್ಗೆ ನೀವು ಹೇಳಿದ್ದರಲ್ಲಿ ಸತ್ಯವಿದೆ, ಒಪ್ಪಿದೆ. ಮೆಟಲ್ ಗಿಟಾರಿನ ಕರ್ಕಶವೆಲ್ಲ ತುಂಬಿಕೊಳ್ಳುವುದು 2ರಿಂದ 4 ಕಿಲೋಹರ್ಟ್ಸ್ ನಡುವೆ. ಮಾತಿನ ವ್ಯಂಜನಗಳು ತಿಳಿಯುವುದೂ ಅಲ್ಲೇ. ಸ್ಟುಡಿಯೋದಲ್ಲಿ ಗಿಟಾರನ್ನು ಎರಡು ಸಲ ನುಡಿಸಿ ಒಂದನ್ನು ಪೂರ್ತಿ ಎಡಕ್ಕೆ, ಒಂದನ್ನು ಪೂರ್ತಿ ಬಲಕ್ಕೆ ಸರಿಸಿ, ನಡುವಿನ ಜಾಗವನ್ನು ಧ್ವನಿಗೆ ಖಾಲಿ ಬಿಡುತ್ತಾರೆ. ಹಾಡುವಾಗ ಗಿಟಾರನ್ನು ಒಂದೆರಡು ಡೆಸಿಬೆಲ್ ತಗ್ಗಿಸಿದರೆ ಸಾಹಿತ್ಯದ ಪ್ರತಿ ಚೇಷ್ಟೆಯೂ ಕಿವಿಗೆ ಬೀಳುತ್ತದೆ. ಸಾಹಿತ್ಯ ಬಾಯಿಪಾಠ ಮಾಡಲು ಸ್ಟುಡಿಯೋ ಆಲ್ಬಂ ಒಳ್ಳೆಯದು.

ಆದರೆ ನೀವು ದೂರಿದ ಆ 'ಸುಮ್ಮನೆ ತಿರುಗಿಸುವ ತುಣುಕು' ಇದೆಯಲ್ಲ, ಇಡೀ ಕಲೆ ಇರುವುದೇ ಅಲ್ಲಿ. ವಾದಕರು ಅದಕ್ಕೆ ವ್ಯಾಂಪ್ ಅನ್ನುತ್ತಾರೆ. ಸಭೆ ನಗುತ್ತಿದೆ. ಹಾಡು ನಿಲ್ಲುವಂತಿಲ್ಲ, ಮುಂದಿನ ಸಾಲು ಹಾಡುವಂತೆಯೂ ಇಲ್ಲ. ನಿಮಿಷಕ್ಕೆ 120 ಬಡಿತದ ಹಾಡಾದರೆ ನಾಲ್ಕು ಎಣಿಕೆಯ ಒಂದು ಸುತ್ತಿಗೆ 2 ಸೆಕೆಂಡು. ಗಾಯಕ ಮನಸ್ಸು ಬಂದಾಗ ಒಳಗೆ ಬರಲಾರ, ಸುತ್ತಿನ ತಲೆಗೇ ಬರಬೇಕು. ನಗು ಏರಿ, ನೆತ್ತಿ ಮುಟ್ಟಿ ಇಳಿಯತೊಡಗುತ್ತದೆ. ಅರ್ಧದಷ್ಟು ಇಳಿದಾಗ ಬಂದರೆ ಸರಿ. ಒಂದು ಸುತ್ತು ಮುಂಚೆ ಬಂದರೆ ಮುಂದಿನ ಸಾಲು ನಗುವಿನಲ್ಲಿ ಮುಳುಗಿತು. ಒಂದು ಸುತ್ತು ತಡವಾದರೆ ಸಭೆ ತಣ್ಣಗಾಯಿತು, ಆಮೇಲೆ ಅದನ್ನು ಎಬ್ಬಿಸಲು ಇನ್ನೆರಡು ಸಾಲು ವ್ಯರ್ಥ. ಈ ತೀರ್ಮಾನವನ್ನು ಹೆಚ್ಚಾಗಿ ಡ್ರಮ್ಮರ್ ಮಾಡುತ್ತಾನೆ. ಸುತ್ತಿನ ಕೊನೆಯ ಎಣಿಕೆಯಲ್ಲಿ ಸ್ನೇರ್ ಎಂಬ ಡ್ರಮ್ ಮೇಲೆ ಒಂದು ಸಣ್ಣ ಉರುಳಿಕೆ ಕೊಟ್ಟರೆ 'ಹೊರಡು' ಎಂದರ್ಥ. ಅಷ್ಟು ಹೊತ್ತೂ ಅವನು ದೊಡ್ಡ ಸಿಂಬಲ್ (ಲೋಹದ ತಟ್ಟೆ) ಮುಟ್ಟುವುದಿಲ್ಲ, ಜೋಡಿ ಸಣ್ಣ ತಟ್ಟೆಗಳಾದ ಹೈ-ಹ್ಯಾಟನ್ನು ಮುಚ್ಚಿ ಅದರ ಮೇಲೇ ಇರುತ್ತಾನೆ. ಸಿಂಬಲ್‌ನ ಝೇಂಕಾರ ಹರಡಿದರೆ ಮಾತಿನ ತುದಿಗಳು ಅಳಿಸಿಹೋಗುತ್ತವೆ. ಗಿಟಾರಿನವನು ಅಂಗೈಯಿಂದ ತಂತಿ ಒತ್ತಿ ಕುಗ್ಗಿಸಿ ನುಡಿಸುತ್ತಾನೆ. ಮುಂದಿನ ಸಲ ಲೈವ್ ಆಲ್ಬಂ ಹಾಕಿದಾಗ ಜೋಕನ್ನು ಬಿಟ್ಟು ಆ ಹೈ-ಹ್ಯಾಟ್ ಒಂದನ್ನೇ ಹಿಂಬಾಲಿಸಿ. ಹತ್ತನೇ ಸಲ ಕೇಳಿದಾಗಲೂ ಅಲ್ಲಿ ಹೊಸದು ಸಿಗುತ್ತದೆ. ಜೋಕು ಹಳತಾಗಬಹುದು, ಅದು ಹಳತಾಗುವುದಿಲ್ಲ.

ಹಾಗಂತ ಲೈವ್ ಎಂದು ಹೆಸರಿಟ್ಟದ್ದೆಲ್ಲ ಹೀಗಿರುವುದಿಲ್ಲ. ಕೆಡುವುದು ಎಲ್ಲಿ ಎಂದರೆ ಧ್ವನಿಮುದ್ರಣದಲ್ಲಿ. ವೇದಿಕೆಯ ಪ್ರತಿ ಮೈಕ್‌ನ ತಂತಿಯೂ ಸ್ಪ್ಲಿಟರ್ ಪೆಟ್ಟಿಗೆಗೆ ಬಂದು ಮೂರಾಗುತ್ತದೆ: ಸಭೆಯ ಮಿಕ್ಸರ್‌ಗೆ ಒಂದು, ವಾದಕರು ತಮ್ಮ ನುಡಿಕೆ ತಾವು ಕೇಳಿಸಿಕೊಳ್ಳುವ ಮಾನಿಟರ್‌ಗೆ ಒಂದು, ರೆಕಾರ್ಡರ್‌ಗೆ ಒಂದು. ಐದು ಜನರ ತಂಡಕ್ಕೆ 24ರಿಂದ 32 ಚಾನೆಲ್ ಬೇಕಾಗುತ್ತದೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಹಾಸ್ಯ ತಂಡಕ್ಕೆ ಇದರ ಮೇಲೆ ಸಭೆಯ ಕಡೆ ಮುಖ ಮಾಡಿದ ಮೈಕ್‌ಗಳು ಕನಿಷ್ಠ ನಾಲ್ಕು ಬೇಕು: ವೇದಿಕೆಯ ಎರಡು ಅಂಚಿನಲ್ಲಿ ಸ್ಪೀಕರ್‌ಗಳಿಗೆ ಬೆನ್ನು ಹಾಕಿ ಎರಡು, ಹಿಂದೆ ಮಿಕ್ಸರ್ ಹತ್ತಿರ ಎರಡು. ಶಬ್ದ 1 ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡು ಹಿಡಿಯುತ್ತದೆ. 30 ಮೀಟರ್ ಹಿಂದಿನ ಮೈಕ್‌ಗೆ ಸ್ನೇರ್ ಏಟು ಮುಟ್ಟುವುದು 87 ಮಿಲಿಸೆಕೆಂಡು ತಡವಾಗಿ. ಹಾಗೇ ಬೆರೆಸಿದರೆ ಒಂದೇ ಏಟು ಎರಡು ಸಲ ಕೇಳುತ್ತದೆ. ಆದ್ದರಿಂದ ಆ ಟ್ರ್ಯಾಕನ್ನು ಅಷ್ಟು ಹಿಂದಕ್ಕೆಳೆದು ಹೊಂದಿಸುತ್ತಾರೆ.

ಸಾಮಾನ್ಯ ಮೆಟಲ್ ಎಂಜಿನಿಯರ್ ಇಲ್ಲಿ ಒಂದು ಅಭ್ಯಾಸ ಮಾಡಿಕೊಂಡಿರುತ್ತಾನೆ. ಹಾಡು ನಡೆಯುವಾಗ ಸಭೆಯ ಮೈಕ್ ಮುಚ್ಚು, ಹಾಡು ಮುಗಿದ ಮೇಲೆ ತೆರೆ. ಹಾಸ್ಯ ತಂಡದಲ್ಲಿ ನಗು ಬರುವುದು ಹಾಡಿನ ಒಳಗೆ, ಸಾಲಿನ ತುದಿಗೆ! ಮೈಕ್ ಮುಚ್ಚಿದ್ದರೆ ನಿಮಗೆ ಕೇಳುವುದು ಕಾರಣವೇ ಇಲ್ಲದ ನಾಲ್ಕು ಸುತ್ತು ಖಾಲಿ ಗಿಟಾರ್ ತುಣುಕು. ನೀವು ಕೇಳಿದ ಆಲ್ಬಂನಲ್ಲಿ ಆದದ್ದು ಇದೇ ಇರಬಹುದು, ಹಾಗಿದ್ದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸಭೆಯ ಮೈಕ್‌ನ ಸದ್ದು ಏರಿಸಿ ಇಳಿಸುವ ಫೇಡರನ್ನು ಕೈಯಿಂದಲೇ ಓಡಿಸಬೇಕು. ಕೊನೆಯ ಅಕ್ಷರ ಮುಗಿಯುವಷ್ಟರಲ್ಲಿ ಏರಿರಬೇಕು, ಮುಂದಿನ ಸಾಲಿನ ಮೊದಲ ಅಕ್ಷರಕ್ಕೆ ಇಳಿದಿರಬೇಕು. ನಗು ಶುರುವಾದ ಮೇಲೆ ಏರಿಸಿದರೆ ಡಬ್ಬಿಯಿಂದ ತೆಗೆದ ನಗುವಿನ ಹಾಗೆ ಕೇಳುತ್ತದೆ. ಗಾಯಕನ ಮೈಕ್‌ಗೆ, ಸಣ್ಣ ಸದ್ದನ್ನು ತಾನೇ ತಡೆಯುವ ಗೇಟ್ ಹಾಕುವುದು ಇನ್ನೊಂದು ಕೇಡು. ಡ್ರಮ್ಸ್ ನುಸುಳದಿರಲಿ ಎಂದು ಹಾಕಿದ ಗೇಟ್, ಪಕ್ಕಕ್ಕೆ ತಿರುಗಿ ಗೊಣಗಿದ ಮಾತಿನ ಮೊದಲ ಅಕ್ಷರವನ್ನು ನುಂಗುತ್ತದೆ. ಎಷ್ಟೋ ಸಂಜೆಗಳಲ್ಲಿ ಆ ಗೊಣಗಾಟವೇ ಅತ್ಯುತ್ತಮ ಜೋಕು.

ವಾದಕರು ಕಿವಿಯೊಳಗೆ ಮಾನಿಟರ್ ತುರುಕಿಕೊಂಡಿದ್ದರೆ ಸಭೆ ಅವರಿಗೇ ಕೇಳುವುದಿಲ್ಲ. ಸಭೆಯ ಮೈಕನ್ನು ಆ ಮಿಕ್ಸ್‌ಗೂ ಸೇರಿಸದಿದ್ದರೆ ಗಾಯಕ ನಗುವಿನ ಮೇಲೆಯೇ ಹಾಡುತ್ತ ಹೋಗುತ್ತಾನೆ. ಕಂಪ್ಯೂಟರ್ ಕಿವಿಯಲ್ಲಿ ಹಾಕುವ ತಾಳದ ಕ್ಲಿಕ್‌ಗೆ ಹೊಂದಿ ನುಡಿಸುವ ತಂಡಗಳದ್ದು ಇನ್ನೂ ಕಷ್ಟ. ಡೆತ್‌ಕ್ಲಾಕ್‌ನಂತೆ ಪರದೆಯ ಮೇಲಿನ ಚಿತ್ರಕ್ಕೆ ಸರಿಯಾಗಿ ನುಡಿಸಬೇಕಾದಲ್ಲಿ, ನಗು ಎಷ್ಟೇ ದೊಡ್ಡದಾದರೂ ಚಿತ್ರ ಕಾಯುವುದಿಲ್ಲ. ಅದು ಅಚ್ಚುಕಟ್ಟಾದ ಪ್ರದರ್ಶನ, ಆದರೆ ಅದರ ಆಡಿಯೋ ಮಾತ್ರ ಕೊಂಡರೆ ನಿಮ್ಮ ಸ್ಟುಡಿಯೋ ವಾದ ಗೆದ್ದಂತೆಯೇ. ಕಣ್ಣಿನ ಹಾಸ್ಯಕ್ಕೂ ಅದೇ ಮಾತು. 18 ಅಡಿ ಎತ್ತರ ಇರಬೇಕಿದ್ದ ಕಲ್ಲುಗಂಬ 18 ಇಂಚಾಗಿ ವೇದಿಕೆಗೆ ಇಳಿಯುವ ಸ್ಪೈನಲ್ ಟ್ಯಾಪ್ ದೃಶ್ಯವನ್ನು ಬರೀ ಕಿವಿಯಿಂದ ನೋಡುವುದು ಹೇಗೆ?

ಇನ್ನು ನಿಮ್ಮ 'ಅರ್ಧಕ್ಕೇ ಕರಗುವ ಜೋಕು'. ಮಹಾರಾಯರೇ, ಅದು ತಂಡದ ತಪ್ಪಾಗಿರಲಾರದು. ಫೋನಿನ ಆ್ಯಪ್‌ನಲ್ಲಿ ಕ್ರಾಸ್‌ಫೇಡ್ ಎಂಬುದೊಂದು ಇರುತ್ತದೆ, ಒಮ್ಮೆ ನೋಡಿ. ಅದು 5-6 ಸೆಕೆಂಡಿಗೆ ಇದ್ದರೆ ಪ್ರತಿ ಟ್ರ್ಯಾಕಿನ ಕೊನೆಯ ಅಷ್ಟು ಸೆಕೆಂಡುಗಳನ್ನು ಕರಗಿಸಿ ಮುಂದಿನದನ್ನು ಅದರ ಮೇಲೆ ಏರಿಸುತ್ತದೆ. ಜೋಕಿನ ಬಾಲ ಇರುವುದೇ ಅಲ್ಲಿ. ಅದನ್ನು ಸೊನ್ನೆ ಮಾಡಿ, ಹಾಡುಗಳ ಕ್ರಮ ಕಲಸುವ ಷಫಲ್ ಆಫ್ ಮಾಡಿ, ಆಲ್ಬಂ ಕ್ರಮದಲ್ಲೇ ಕೇಳಿ. ಷಫಲ್‌ನಲ್ಲಿ ಕೇಳಿದರೆ ಜೋಕಿನ ಪೀಠಿಕೆ ಒಂದು ಕಡೆ, ಜೋಕು ಒಂದು ಕಡೆ ಆಗುತ್ತದೆ. ಎಂಪಿ3 ಫೈಲುಗಳಾದರೆ ಎನ್‌ಕೋಡರ್ ಪ್ರತಿ ಫೈಲಿನ ಎರಡು ತುದಿಗೂ ಚೂರು ಮೌನ ಸೇರಿಸಿರುತ್ತದೆ. ಅದನ್ನು ಬಿಟ್ಟು ನುಡಿಸುವ ಸೌಲಭ್ಯ ಪ್ಲೇಯರ್‌ನಲ್ಲಿ ಇಲ್ಲದಿದ್ದರೆ ಚಪ್ಪಾಳೆ ಮಧ್ಯದಲ್ಲಿ ಬಿಕ್ಕಳಿಸುತ್ತದೆ.

ಸಿಡಿ ಕಾಲದಲ್ಲಿ ಇದಕ್ಕೆ ಸೊಗಸಾದ ಪರಿಹಾರವಿತ್ತು. ಹಾಡಿನ ಮುಂಚಿನ ಹರಟೆಯನ್ನು ಟ್ರ್ಯಾಕಿನ ಆರಂಭಕ್ಕೂ ಹಿಂದಿನ ಪ್ರಿಗ್ಯಾಪ್‌ನಲ್ಲಿ ಇಡುತ್ತಿದ್ದರು. ಆಲ್ಬಂ ನೇರ ಓಡಿಸಿದರೆ ಪ್ಲೇಯರಿನ ಗಡಿಯಾರ ಋಣ ಸಂಖ್ಯೆಯಿಂದ ಸೊನ್ನೆಯ ಕಡೆಗೆ ಎಣಿಸುತ್ತ ಮಾತು ಕೇಳಿಸುತ್ತಿತ್ತು. ನಿಮ್ಮಂಥವರು ಹಾಡಿನ ಸಂಖ್ಯೆ ಒತ್ತಿದರೆ ನೇರ ಹಾಡಿಗೇ ಹೋಗುತ್ತಿತ್ತು. ಹರಟೆ ಬೇಕಾದವರಿಗೆ ಹರಟೆ, ಬೇಡದವರಿಗೆ ಹಾಡು. ಇಂಥ ಸರಳ ಏರ್ಪಾಡನ್ನು ಕೈಬಿಟ್ಟು ಮುಂದುವರಿದೆವು ಎಂದು ಬೀಗುತ್ತಿದ್ದೇವೆ.

ಎಲ್ಲಕ್ಕಿಂತ ದೊಡ್ಡ ಕೇಡು ರಿಪೇರಿ. ಮೆಟಲ್‌ನಲ್ಲಿ ಇದು ಹೊಸದಲ್ಲ. ಜೂಡಾಸ್ ಪ್ರೀಸ್ಟ್ 1979ರಲ್ಲಿ ಟೋಕಿಯೋದಲ್ಲಿ ಮುದ್ರಿಸಿದ ಲೈವ್ ಆಲ್ಬಂನ ಗಾಯನವನ್ನು ಸ್ಟುಡಿಯೋದಲ್ಲಿ ಮತ್ತೆ ಹಾಡಿದ್ದು ಎಂದು ಹ್ಯಾಲ್‌ಫರ್ಡ್ ಅವರೇ ಆಮೇಲೆ ಒಪ್ಪಿಕೊಂಡರು. ಕಿಸ್ ತಂಡದ 1975ರ ಲೈವ್ ಆಲ್ಬಂಗೂ ಸ್ಟುಡಿಯೋದಲ್ಲಿ ಸಾಕಷ್ಟು ತೇಪೆ ಬಿದ್ದಿದೆ. ಇನ್ನೊಂದು ತುದಿಯಲ್ಲಿ ಡೀಪ್ ಪರ್ಪಲ್ 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲಿ ನುಡಿಸಿದ್ದನ್ನು ಎಂಟು ಟ್ರ್ಯಾಕ್ ಯಂತ್ರದಲ್ಲಿ ಹಿಡಿದು, ತೇಪೆ ಹಾಕದೆ ಹೊರತಂದಿತು. ಗಂಭೀರ ತಂಡಗಳು ತೇಪೆ ಹಾಕಿಯೂ ಪಾರಾದವು. ಹಾಸ್ಯ ತಂಡ ಪಾರಾಗುವುದಿಲ್ಲ. ಸಾಲನ್ನು ಮತ್ತೆ ಹಾಡಿದರೆ ಸಭೆ ನಕ್ಕದ್ದು ಒಂದು ಉಚ್ಚಾರಕ್ಕೆ, ನೀವು ಕೇಳುವುದು ಇನ್ನೊಂದನ್ನು. ಹಳೆಯ ಗಾಯನ ಸಭೆಯ ಮೈಕ್‌ಗಳಲ್ಲಿ ದೆವ್ವದಂತೆ ಉಳಿದಿರುತ್ತದೆ. ಅದನ್ನು ಅಡಗಿಸಲು ಆ ಮೈಕ್‌ಗಳನ್ನು ತಗ್ಗಿಸಬೇಕು, ತಗ್ಗಿಸಿದರೆ ನಗುವೂ ಹೋಯಿತು.

ತಮಾಷೆ ಎಂದರೆ ಈ ಲೈವ್ ಆಲ್ಬಂಗಳ ಬೂಟಾಟಿಕೆಯನ್ನು ಬಯಲು ಮಾಡಿದವರೂ ಹಾಸ್ಯ ತಂಡದವರೇ. ಎಸ್‌ಒಡಿಯ 1992ರ ಲೈವ್ ಆಲ್ಬಂನ ಹೆಸರಿನಲ್ಲಿ ಟೋಕಿಯೋದ ಪ್ರಸಿದ್ಧ ಸಭಾಂಗಣ ಬುಡೋಕಾನ್ ಇದೆ. ಅದನ್ನು ನುಡಿಸಿದ್ದು ನ್ಯೂಯಾರ್ಕಿನ ರಿಟ್ಜ್‌ನಲ್ಲಿ!

ಎದುರಿನ ಸಭೆ ನಗಲೇಬೇಕೆಂದೂ ಇಲ್ಲ. ಬ್ಯಾಡ್ ನ್ಯೂಸ್ 1986ರಲ್ಲಿ ಇಂಗ್ಲೆಂಡಿನ ಡೋನಿಂಗ್ಟನ್‌ನ ಮಾನ್‌ಸ್ಟರ್ಸ್ ಆಫ್ ರಾಕ್ ಉತ್ಸವದಲ್ಲಿ, ಓಜಿ ಆಸ್ಬೋರ್ನ್ ಮತ್ತು ಮೋಟರ್‌ಹೆಡ್ ಕೇಳಲು ಬಂದ ಜನರ ಮುಂದೆ ನಿಂತಿತು. ಬಂದದ್ದು ಬಾಟಲಿಗಳ ಮಳೆ. ಅವರು ಅದನ್ನೂ ಚಿತ್ರೀಕರಿಸಿ ಮುಂದಿನ ಕಾರ್ಯಕ್ರಮಕ್ಕೆ ಬಳಸಿಕೊಂಡರು. ಸ್ಟುಡಿಯೋದಲ್ಲಿ ಕೂತು ಆ ಬಾಟಲಿಗಳನ್ನು ಯಾರು ಬರೆಯುತ್ತಿದ್ದರು?

ಟೆನೇಶಿಯಸ್ ಡಿ ಮೊದಲ ಆಲ್ಬಂನಲ್ಲಿ ಹಾಡುಗಳ ನಡುವೆ ಮಾತಿನ ತುಣುಕುಗಳನ್ನು ಸ್ಟುಡಿಯೋದಲ್ಲೇ ಸೇರಿಸಿತು. ಎರಡನೇ ಸಲಕ್ಕೆ ಜನ ದಾಟಿಸುವುದು ಅವನ್ನೇ. ಈ ಜೋಡಿಯ ಮೇಲೆ ಒಂದು ತಮಾಷೆಯನ್ನು ಅಮೆರಿಕದ ಗ್ರ್ಯಾಮಿ ಸಮಿತಿ ಮಾಡಿತು. 2015ರಲ್ಲಿ ಅತ್ಯುತ್ತಮ ಮೆಟಲ್ ಪ್ರಸ್ತುತಿಯ ಪ್ರಶಸ್ತಿ ಅವರಿಗೆ ಬಂತು, ಆದರೆ ಮೆಟಲ್ ಗಾಯಕ ರಾನಿ ಜೇಮ್ಸ್ ಡಿಯೋ ನೆನಪಿನ ಸಂಕಲನಕ್ಕಾಗಿ ಡಿಯೋ ಅವರದೇ ಹಾಡೊಂದನ್ನು ಹಾಡಿಕೊಟ್ಟದ್ದಕ್ಕೆ. ತಮ್ಮ ಸ್ವಂತ ಜೋಕುಗಳನ್ನು ಬದಿಗಿಟ್ಟ ದಿನ ಸನ್ಮಾನ! ನಗಿಸುವವನಿಗೆ ಹೊರಗಿನ ಜಗಲಿಯಲ್ಲಿ ಎಲೆ ಹಾಕುವ ಈ ಬುದ್ಧಿ ಮೆಟಲ್ ವಿಮರ್ಶಕರಲ್ಲೂ ಇದೆ, ನಿಮ್ಮ ಪತ್ರದಲ್ಲೂ ಚೂರು ಇದೆ. ಆಲ್ಬಂಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಮಾಡುವವರಲ್ಲಂತೂ ಧಾರಾಳ. ಹರಟೆಗೂ ತಂಡ ಒಟ್ಟಿಗೆ ಬಡಿಯುವ ಮೊದಲ ಏಟಿಗೂ 8-10 ಡೆಸಿಬೆಲ್ ಆದರೂ ಅಂತರ ಬೇಡವೇ? ಸದ್ದಿನ ಏರಿಳಿತ ಕುಗ್ಗಿಸುವ ಲಿಮಿಟರ್‌ನಲ್ಲಿ ಹಾಕಿ ಅರೆದು ಪಿಸುಮಾತನ್ನೂ ಗಿಟಾರಿನಷ್ಟೇ ಜೋರು ಮಾಡಿಬಿಡುತ್ತಾರೆ. ಮೆಟಾಲಿಕಾದ 2008ರ ಆಲ್ಬಂ ಹೀಗೆ ಕಿವಿ ಕೊರೆದಾಗ ಕೇಳುಗರು ಬೀದಿಗಿಳಿದಂತೆ ಗಲಾಟೆ ಮಾಡಿದರು. ಹಾಸ್ಯ ತಂಡಕ್ಕೆ ಹಾಗೆ ಮಾಡಿದರೆ ಯಾಕೆಂದು ಕೇಳುವವರಿಲ್ಲ.

ಕೊಳ್ಳುವ ಪ್ರಶ್ನೆ. ಲೈವ್ ಕೊಳ್ಳಿ. ಸ್ಟೀಲ್ ಪ್ಯಾಂಥರ್ ಆದರೆ ಹೆಡ್‌ಫೋನ್ ಕಡ್ಡಾಯ, ಮನೆಮಂದಿಯ ಎದುರು ಹಾಕುವ ಮಾತಲ್ಲ ಅದು. ಕೊಳ್ಳುವ ಮುಂಚೆ ಹಿಂಬದಿಯ ಸಣ್ಣ ಅಕ್ಷರ ಓದಿ. ಒಂದೇ ಊರು, ಒಂದೆರಡು ರಾತ್ರಿ ಎಂದಿದ್ದರೆ ಒಳ್ಳೆಯ ಲಕ್ಷಣ. ಹತ್ತು ಊರುಗಳಿಂದ ಆಯ್ದದ್ದಾದರೆ ಒಂದೂರಿನ ನಗು ಇನ್ನೊಂದೂರಿನ ಜೋಕಿಗೆ ಅಂಟಿರುವ ಸಾಧ್ಯತೆ ಇದೆ. 'ಹೆಚ್ಚುವರಿ ಧ್ವನಿಮುದ್ರಣ' ಎಂದು ಸ್ಟುಡಿಯೋ ಹೆಸರಿದ್ದರೆ ಅನುಮಾನಪಡಿ. ಕೊನೆಗೆ ಹಾಡುಗಳ ಅವಧಿಯನ್ನು ಸ್ಟುಡಿಯೋ ಆಲ್ಬಂನ ಪಕ್ಕ ಇಟ್ಟು ನೋಡಿ. ಬರೀ ಐದು ಸೆಕೆಂಡು ವ್ಯತ್ಯಾಸವಿದ್ದರೆ ಒಂದೋ ಯಾರೋ ಕತ್ತರಿ ಆಡಿಸಿದ್ದಾರೆ, ಇಲ್ಲವೇ ಆ ರಾತ್ರಿ ಯಾರೂ ನಗಲಿಲ್ಲ. ನಾಲ್ಕು ನಿಮಿಷದ ಹಾಡು ಆರೂವರೆ ನಿಮಿಷ ಎಂದಿದ್ದರೆ ಯೋಚನೆಯೇ ಬೇಡ, ಅದನ್ನೇ ತೆಗೆದುಕೊಳ್ಳಿ.